ಹಿತ್ತಲ ಗರಡಿ

2024ರ ಮಾರ್ಚಿನಲ್ಲಿ ನಮ್ಮ ಓಣಿಯ ಮಹಿಳಾ ಮಂಡಳದವರು ಮಹಿಳಾ ದಿನಾಚರಣೆಗೆಂದು ಒಬ್ಬ ವೈದ್ಯರನ್ನು ಭಾಷಣಕ್ಕೆ ಕರೆಸಿದ್ದರು. ಹಾರ ಹಾಕಿದ್ದಾಯಿತು, ಶಾಲು ಹೊದಿಸಿದ್ದಾಯಿತು. ವೈದ್ಯರು ಒಳ್ಳೆಯ ಮಾತುಗಾರರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಎಲ್ಲವನ್ನೂ ನಗಿಸುತ್ತಲೇ ಹೇಳಿ ಕೊನೆಗೆ ಕೈಮುಗಿದು, "ತಾಯಂದಿರೇ, ನಿಮಗೆ ಬೇರೆ ವ್ಯಾಯಾಮವೇ ಬೇಕಾಗಿಲ್ಲ. ಕಸ ಗುಡಿಸಿ, ನೆಲ ಒರೆಸಿ, ನಿಮ್ಮ ಅಜ್ಜಿಯರ ಹಾಗೆ ಬೀಸುವ ಕಲ್ಲು ತಿರುಗಿಸಿ. ಮನೆಗೆಲಸಕ್ಕಿಂತ ದೊಡ್ಡ ಜಿಮ್ಮು ಇಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ರೂಢಿಯಂತೆ ಎರಡು ಸಲ ತಟ್ಟಿದೆ. ಮೂರನೆಯ ಸಲಕ್ಕೆ ಕೈ ಏಳಲಿಲ್ಲ. ಅವ್ವ ನೆನಪಾದಳು.

ಅವತ್ತು ಎದ್ದು ನಿಂತು ಉತ್ತರ ಕೊಡುವ ಧೈರ್ಯವಾಗಲಿಲ್ಲ. ಉಪ್ಪಿಟ್ಟು, ಶಿರಾ ತಿಂದು ಮನೆಗೆ ಬಂದೆ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಅವ್ವ ಹನ್ನೆರಡನೆಯ ವಯಸ್ಸಿನಿಂದ ಬೀಸಿದವಳು, ಕುಟ್ಟಿದವಳು, ಬಾವಿಯಿಂದ ನೀರು ಸೇದಿದವಳು. ಒಂಬತ್ತು ಜನರ ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆದವಳು. ಮನೆಗೆಲಸವೇ ಜಿಮ್ಮು ಎನ್ನುವುದಾದರೆ ಅವ್ವ ಅರವತ್ತು ವರ್ಷ ಒಂದು ದಿನವೂ ರಜೆಯಿಲ್ಲದೆ ಜಿಮ್ಮಿಗೆ ಹೋದವಳು. ಅಂಥವಳು 2016ರಲ್ಲಿ, 78ನೆಯ ವಯಸ್ಸಿನಲ್ಲಿ, ಬಚ್ಚಲಿನಲ್ಲಿ ಜಾರಿ ಬಿದ್ದಳು. ಸೊಂಟದ ಕೀಲಿನ ಹತ್ತಿರ ಎಲುಬು ಮುರಿಯಿತು. ಆಪರೇಷನ್ ಮಾಡಿದ ಡಾಕ್ಟರು ಎಕ್ಸರೇ ತೋರಿಸಿ, ಎಲುಬು ಸವೆದು ಟೊಳ್ಳಾಗಿದೆ, ತೊಡೆಯ ಮಾಂಸವೂ ಕರಗಿಹೋಗಿದೆ ಎಂದರು. ಎಲುಬು ಕೂಡಿತು. ಆದರೆ ಕುಳಿತಲ್ಲಿಂದ ಏಳುವ ಶಕ್ತಿ ತಿರುಗಿ ಬರಲಿಲ್ಲ.

ಅವ್ವನ ತೂಕ ಆಗ 52 ಕಿಲೋ. ನನಗೆ ಆಕೆಯನ್ನು ಎತ್ತಿ ಕೂಡಿಸಲಿಕ್ಕೆ ಆಗುತ್ತಿರಲಿಲ್ಲ. ನಮ್ಮವರಿಗೆ ಬೆನ್ನುನೋವು, ಮಗ ಬೆಂಗಳೂರಿನಲ್ಲಿ. ರಾತ್ರಿ ಅವ್ವನಿಗೆ ಪಾಯಖಾನೆಗೆ ಹೋಗಬೇಕೆನಿಸಿದರೆ ಪಕ್ಕದ ಮನೆಯ ಹುಡುಗನನ್ನು ಎಬ್ಬಿಸಿ ತರುತ್ತಿದ್ದೆ. ಬಂಗಾರದಂಥ ಹುಡುಗ, ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ. ಆದರೆ ಅವನು ಕಂಕುಳಲ್ಲಿ ಕೈಹಾಕಿ ಎತ್ತುವಾಗ ಅವ್ವ ಕಣ್ಣು ಮುಚ್ಚಿಕೊಂಡು, ಸೀರೆಯನ್ನು ಮೊಣಕಾಲಿನ ಕೆಳಗೆ ಎಳೆದೆಳೆದು ಹಿಡಿಯುತ್ತಿದ್ದಳು. ಸ್ವಲ್ಪ ದಿನಕ್ಕೆ ಸಂಜೆ ನಾಲ್ಕರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಯಾಕವ್ವಾ ಎಂದರೆ, "ನೀರಡಿಕೆ ಇಲ್ಲವಾ" ಎನ್ನುವಳು. ಹೀಗೆ ಹತ್ತೊಂಬತ್ತು ತಿಂಗಳು ಬದುಕಿ 2018ರಲ್ಲಿ ತೀರಿಕೊಂಡಳು.

ಮನೆಗೆಲಸದ ಜಿಮ್ಮು ಅವ್ವನಿಗೆ ಕೊಟ್ಟದ್ದು ಇದನ್ನು. ಬೀಸುವ ಕಲ್ಲಿನ ಹೊಗಳಿಕೆ ಮಾಡುವವರು ಯಾರೂ ಅದನ್ನು ತಿರುಗಿಸಿದವರಲ್ಲ ಎಂಬುದು ನನ್ನ ಅನುಭವ. ಅವ್ವನ ಬಲಭುಜ ಎಡಭುಜಕ್ಕಿಂತ ಎದ್ದು ಕಾಣುತ್ತಿತ್ತು. ಅದು ಬಲದ ಗುರುತಲ್ಲ, ಸವೆತದ ಗುರುತು. ದುಡಿಮೆ ಬೇರೆ, ಸಾಧನೆ ಬೇರೆ. ದುಡಿಮೆಯಲ್ಲಿ ಕೆಲಸ ಮುಗಿಯಬೇಕು, ಮೈ ಏನಾದರೂ ಆಗಲಿ. ಸಾಧನೆಯಲ್ಲಿ ಮೈ ಬೆಳೆಯಬೇಕು, ಬೇರೆ ಕೆಲಸ ಯಾವುದೂ ಆಗುವುದಿಲ್ಲ. ಎರಡೂ ಕೈಗೆ ಸಮನಾಗಿ ಭಾರ, ಭಾರಕ್ಕೆ ಲೆಕ್ಕ, ಲೆಕ್ಕದಂತೆ ಸ್ವಲ್ಪ ಸ್ವಲ್ಪವೇ ಏರಿಕೆ, ನಡುವೆ ವಿಶ್ರಾಂತಿ, ಆಮೇಲೆ ಹೊಟ್ಟೆತುಂಬ ಊಟ. ಎಲ್ಲರದೂ ಮುಗಿದ ಮೇಲೆ ತಳದ ಸಾರಿನಲ್ಲಿ ಅನ್ನ ಕಲಸಿಕೊಂಡು ಉಂಡ ಅವ್ವನಿಗೆ ಇವುಗಳಲ್ಲಿ ಯಾವುದಿತ್ತು? ನಮಗಂತೂ ಮಿಕ್ಸಿ ಬಂತು, ನಲ್ಲಿ ಬಂತು, ಬಟ್ಟೆ ಒಗೆಯುವ ಯಂತ್ರ ಬಂತು. ಬಂದದ್ದು ಒಳ್ಳೆಯದೇ ಆಯಿತು, ಕಲ್ಲು ಮತ್ತೆ ಬೇಡ. ಆದರೆ ಅವ್ವನ ದಣಿವು ಹೋದ ಜಾಗಕ್ಕೆ ಬಲ ತಾನಾಗಿ ಬಂದು ಕೂಡುವುದಿಲ್ಲ.

ಇದು ನನ್ನ ಸ್ವಂತ ಶಾಸ್ತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ದೊಡ್ಡವರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳನ್ನು ಗಟ್ಟಿಮಾಡುವ ವ್ಯಾಯಾಮ ಬೇಕೆಂದಿದೆ. 65 ದಾಟಿದವರಿಗೆ ವಾರಕ್ಕೆ 3 ದಿನ ಮೈಯ ಸಮತೋಲವನ್ನೂ ಬಲವನ್ನೂ ಬೆಳೆಸುವ ವ್ಯಾಯಾಮ ಬೇಕೆಂದಿದೆ. ಮನೆಗೆಲಸವೂ ಚಟುವಟಿಕೆಯೇ ಎಂದು ಅವರೂ ಒಪ್ಪುತ್ತಾರೆ. ಆದರೆ ಹೆಂಗಸರು ನೆಲ ಒರೆಸಿದರೆ ಉಳಿದದ್ದು ಮಾಫಿ ಎಂದು ಅದರಲ್ಲಿ ಬರೆದಿಲ್ಲ. ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ನಮ್ಮ ಎಲುಬು ಬೇಗ ಬೇಗ ಸವೆಯುತ್ತದೆ ಎಂಬುದು ಈಗ ಎಲ್ಲ ಡಾಕ್ಟರಿಗೂ ಗೊತ್ತಿರುವ ಮಾತು. ಎಲುಬೂ ಸ್ನಾಯುವೂ ಭಾರ ಬಿದ್ದಾಗ ಗಟ್ಟಿಯಾಗುತ್ತವೆ, ಬೀಳದಿದ್ದರೆ ಕರಗುತ್ತವೆ. ಗೊತ್ತಿದ್ದೂ ನಮಗೆ ಹೇಳುವುದು ಮಾತ್ರ ಕಸಬರಿಗೆಯ ಮಹಿಮೆ.

ಇನ್ನೊಂದು ಕಡೆಯವರು ನಮ್ಮ ತೂಕದ ಹಿಂದೆ ಬಿದ್ದಿದ್ದಾರೆ. ಮಾಸಿಕದ ಪುಟ ತೆರೆದರೆ ತೂಕ ಇಳಿಸಿ, ಗೋಡೆಯ ಮೇಲಿನ ಜಾಹೀರಾತಿನಲ್ಲಿ ತೂಕ ಇಳಿಸಿ, ಮದುವೆ ಮನೆಯಲ್ಲಿ ಸಿಕ್ಕ ಬೀಗರೂ "ಸ್ವಲ್ಪ ತೂಕ ಇಳಸ್ರಿ". ಹೆಣ್ಣಿಗೆ ತೂಕ ಇಳಿಸು ಎಂದು ಹೇಳಿದವರು ನೂರು ಮಂದಿ. ತೂಕ ಎತ್ತು ಎಂದವರನ್ನು ನಾನು ಐವತ್ತು ವರ್ಷ ಕಂಡಿರಲಿಲ್ಲ. ಇಳಿಸಿದರೆ ನೋಡುವವರಿಗೆ ಚೆಂದ. ಎತ್ತಿದರೆ ನಮಗೆ ಉಪಯೋಗ. ವ್ಯತ್ಯಾಸ ಅಲ್ಲಿದೆ.

ನನಗೆ ಇದು ತಲೆಗೆ ಹೋಗಿದ್ದು 2019ರಲ್ಲಿ, ಒಂದು ಗ್ಯಾಸ್ ಸಿಲಿಂಡರಿನಿಂದ. ತಂದ ಹುಡುಗ ಅದನ್ನು ಪಾವಟಿಗೆಯ ಕೆಳಗೇ ಇಳಿಸಿ, "ಮನ್ಯಾಗ ಗಂಡಸರು ಯಾರೂ ಇಲ್ಲೇನ್ರೀ ಅಕ್ಕಾರ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದ. ಒಳಗಿನ ಗ್ಯಾಸು 14.2 ಕಿಲೋ, ಕಬ್ಬಿಣ ಸೇರಿದರೆ 30 ಕಿಲೋ ಸುಮಾರು. ಅದರ ಕಿವಿ ಹಿಡಿದು ಎಳೆದೆ. ಅಲುಗಿತು, ಏಳಲಿಲ್ಲ. ಅದರ ಪಕ್ಕದಲ್ಲೇ ಪಾವಟಿಗೆಯ ಮೇಲೆ ಕುಳಿತೆ. ಇವತ್ತು ಸಿಲಿಂಡರು, ನಾಳೆ ನನ್ನ ಮೈಯನ್ನೇ ಎತ್ತಲು ನಾನು ಯಾರ ಮನೆಯ ಹುಡುಗನನ್ನು ಎಬ್ಬಿಸಲಿ?

ಮೊದಲು ಊರಿನ ಒಂದು ಜಿಮ್ಮಿಗೆ ಹೋಗಿ ವಿಚಾರಿಸಿದೆ. ಹೆಂಗಸರಿಗೆ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು, ಅಂದರೆ ರೊಟ್ಟಿ ಬಡಿಯುವ ಹೊತ್ತು. ಅಲ್ಲಿನ ತರಬೇತಿಯವನು ನನ್ನ ಕೈಗೆ ಒಂದೊಂದು ಕಿಲೋದ ಎರಡು ಗುಲಾಬಿ ಬಣ್ಣದ ಡಂಬೆಲ್ ಕೊಟ್ಟ. ದಿನಾ ಎರಡೂ ಕೈಯಲ್ಲಿ ತುಂಬಿದ ಕೊಡಪಾನ ಎತ್ತುವವಳ ಕೈಗೆ ಒಂದು ಕಿಲೋ! ಇದಕ್ಕಿಂತ ಭಾರದ್ದು ಎಂದರೆ, "ಬ್ಯಾಡ್ರಿ ಆಂಟಿ, ತೋಳು ಗಂಡಸರ ಹಂಗ ಆಗ್ತಾವು" ಎಂದ. ಅವನ ಸ್ವಂತ ತೋಳು ಗಂಡಸರ ಹಾಗೆ ಆಗಲೆಂದು ಅವನು ಎಷ್ಟು ವರ್ಷದಿಂದ ಒದ್ದಾಡುತ್ತಿದ್ದನೋ. ಅಷ್ಟು ಸಲೀಸಾಗಿ ಅವು ಬೆಳೆಯುವಂತಿದ್ದರೆ ಕೊಡ ಹೊತ್ತವರೆಲ್ಲ ಪೈಲ್ವಾನರಾಗಿರಬೇಕಿತ್ತಲ್ಲ. ಅಲ್ಲದೆ ಜಿಮ್ಮಿನ ತಿಂಗಳ ಫೀ ಎಂದರೆ ಮನೆಯಲ್ಲಿ ಕೇಳಬೇಕು. ಹೋಗಿಬರುವ ಹೊತ್ತಿಗೆ ಕೇಳಬೇಕು. ಹಾಕಿಕೊಳ್ಳುವ ಬಟ್ಟೆಗೂ ಕೇಳಬೇಕು. ಉಸುಕಿಗೆ ಯಾರ ಅಪ್ಪಣೆ?

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆದರೆ ಗಂಡಸರ ಗರಡಿಯಲ್ಲಿ ಇದ್ದದ್ದೆಲ್ಲ ಹಿತ್ತಲಿನದೇ ಅಲ್ಲವೇ? ಕೆಮ್ಮಣ್ಣು, ಮರದ ಗದೆ, ಕೆರೆಯ ಕಡೆ ಸಿಕ್ಕ ಕಲ್ಲು. ನಮ್ಮ ತವರಿನ ಹಣಮಪ್ಪನ ಗುಡಿಯ ಮುಂದೆ ಒಂದು ದುಂಡನೆಯ ಗುಂಡು ಬಿದ್ದಿರುತ್ತಿತ್ತು. ಹುಡುಗರು ಹೋಗುತ್ತಾ ಬರುತ್ತಾ ಅದನ್ನು ಎತ್ತಿ ನೋಡುತ್ತಿದ್ದರು. ನಾವು ಅದನ್ನು ದಾಟುವಂತೆಯೂ ಇರಲಿಲ್ಲ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಗುಂಡು ಎತ್ತುವ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನೋಡಿದವರಿಗೆ ಗೊತ್ತು, ಬಲ ಬೆಳೆಸಲು ಯಂತ್ರ ಬೇಕಿಲ್ಲ. ಸ್ಯಾಂಡೋ ಎಂಬ ಜರ್ಮನಿಯ ಮಲ್ಲ 1905ರ ಸುಮಾರಿಗೆ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಅವನ ಹೆಸರು ನಮ್ಮವರ ತೋಳಿಲ್ಲದ ಬನಿಯನ್ನಿಗೆ ಅಂಟಿಕೊಂಡು ಉಳಿಯಿತು. ಆ ಬನಿಯನ್ನು ಒಗೆದು ಹಿಂಡುವುದಷ್ಟೇ ನಮ್ಮ ಪಾಲಿಗೆ ಬಂದ ಅಂಗಸಾಧನೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿದ ಕೆ. ವಿ. ಅಯ್ಯರ್ ಅವರು ಅಂಚೆಯ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು. 'ಶಾಂತಲಾ' ಕಾದಂಬರಿ ಬರೆದವರೂ ಅವರೇ. ನಮ್ಮ ಮನೆಯಲ್ಲಿ 'ಶಾಂತಲಾ' ನನ್ನ ಕೈಗೆ ಬಂತು, ಡಂಬೆಲ್ಲು ಅಣ್ಣನ ಕೈಗೆ ಹೋಯಿತು.

ಇರಲಿ. ಉಸುಕಿನ ಚೀಲದ ವಿಷಯಕ್ಕೆ ಬರುತ್ತೇನೆ.

ಮೊದಲ ಚೀಲವನ್ನು ಹಳೆಯ ವಾಯಿಲ್ ಸೀರೆಯಲ್ಲಿ ಹೊಲಿದು ಕೆಟ್ಟೆ. ನಾಲ್ಕನೆಯ ಸಲ ಎತ್ತುವಾಗ ಹೊಲಿಗೆ ಬಿಚ್ಚಿ, ಉಸುಕೆಲ್ಲ ಬಿಸಿಲಿಗೆ ಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಆಮೇಲೆ ಮಗನ ಹಳೆಯ ಜೀನ್ಸ್ ಪ್ಯಾಂಟು ತೆಗೆದುಕೊಂಡೆ. ಅದರ ಒಂದು ಕಾಲು ಎಂದರೆ ಅರ್ಧ ಹೊಲಿದಿಟ್ಟ ಚೀಲವೇ. ತಳಕ್ಕೆ ಎರಡು ಸಾಲು ಮಷಿನ್ ಹೊಲಿಗೆ ಹಾಕಬೇಕು. ಉಸುಕನ್ನು ಸಾಣಿಸಿ ಎರಡು ದಿನ ಬಿಸಿಲಿಗೆ ಒಣಗಿಸಬೇಕು, ಹಸಿ ಉಳಿದರೆ ವಾಸನೆ ಬಂದು ಬಟ್ಟೆ ಕೊಳೆಯುತ್ತದೆ. ಒಣಗಿದ್ದನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಟ್ಟಿ, ಅದನ್ನು ಇನ್ನೊಂದರಲ್ಲಿ ತಲೆಕೆಳಗು ಹಾಕಿ ಕಟ್ಟಿ, ಆಮೇಲೆ ಪ್ಯಾಂಟಿನ ಕಾಲಿಗೆ ಇಳಿಸಬೇಕು. ಬಿರಿಯುವಂತೆ ತುಂಬಬೇಡಿ. ಕಾಲು ಭಾಗ ಸಡಿಲ ಬಿಟ್ಟರೆ ಹಿಡಿಯಲು ಸಿಗುತ್ತದೆ, ಹೆಗಲ ಮೇಲೂ ಮಗುವಿನಂತೆ ಕೂಡುತ್ತದೆ. ಹಳೆಯ ಕೈಚೀಲದ ಪಟ್ಟಿಯನ್ನು ಹಿಡಿಕೆಗೆ ಹೊಲಿಯಿರಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಮೇಲೆ ಅಂಕಿ ಬರೆಯಿರಿ. ಈ ಅಂಕಿಯೇ ಮುಖ್ಯ, ಲೆಕ್ಕವಿಲ್ಲದ ಭಾರ ಮತ್ತೆ ಮನೆಗೆಲಸವೇ. ನಾನು 3 ಕಿಲೋದಿಂದ ಶುರುಮಾಡಿ, ಅರ್ಧರ್ಧ ಕಿಲೋದ ಉಸುಕಿನ ಪೊಟ್ಟಣ ಹತ್ತಾರು ಕಟ್ಟಿಟ್ಟುಕೊಂಡೆ. ಹನ್ನೆರಡು ಸಲ ಎತ್ತುವುದು ಸಲೀಸಾಯಿತು ಎನ್ನಿಸಿದ ವಾರ ಒಂದು ಪೊಟ್ಟಣ ಒಳಗೆ ಸೇರಿಸುವುದು. ಇಡೀ ಗುಟ್ಟು ಇಷ್ಟೇ. ಹೊಲಿಗೆ ಬೇಡವೆನ್ನುವವರಿಗೆ 5 ಲೀಟರಿನ ಎಣ್ಣೆಯ ಕ್ಯಾನು ಇದೆ. ನೀರು ತುಂಬಿದರೆ 5 ಕಿಲೋ, ಒಣ ಉಸುಕು ತುಂಬಿದರೆ 8ರ ಹತ್ತಿರ.

ಡಂಬೆಲ್ ಮಾಡಲು ಓಣಿಯಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿಯನ್ನು ಹಿಡಿದೆ. ಒಂದು ಬುಟ್ಟಿ ಸಿಮೆಂಟು ಕೇಳಿದಾಗ, "ಕಂಬ ಕಟ್ಟಾಕೇನ್ರೀ ಅಕ್ಕಾರ?" ಎಂದ. "ಅಲ್ಲಪಾ, ತೋಳು ಕಟ್ಟಾಕ" ಎಂದೆ. ನಕ್ಕು, ನಿಂತು ಕಲಿಸಿಕೊಟ್ಟ. ಒಂದೊಂದು ಲೀಟರಿನ ಬಣ್ಣದ ಖಾಲಿ ಡಬ್ಬಿ ಎರಡು, ಒಂದಡಿ ಮೀರಿದ ನೀರಿನ ಪೈಪು ಒಂದು. ಪೈಪಿನ ಎರಡೂ ತುದಿಗೆ ತೂತು ಕೊರೆಸಿ ಉದ್ದನೆಯ ಮೊಳೆ ಅಡ್ಡ ತೂರಿಸಬೇಕು, ಇಲ್ಲವಾದರೆ ಒಣಗಿದ ಮೇಲೆ ಕಾಂಕ್ರೀಟಿನಿಂದ ಪೈಪು ಜಾರಿ ಬರುತ್ತದೆ. ಸಿಮೆಂಟು ಒಂದು ಪಾಲು, ಉಸುಕು ಎರಡು, ಸಣ್ಣ ಖಡಿ ನಾಲ್ಕು. ಒಂದು ಡಬ್ಬಿ ತುಂಬಿ ಪೈಪು ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಡುವುದು, ಮರುದಿನ ತಿರುಗಿಸಿ ಇನ್ನೊಂದು ತುದಿ. ಆಮೇಲೆ ಒದ್ದೆ ಗೋಣಿತಟ್ಟು ಸುತ್ತಿ ಏಳು ದಿನ ನೀರುಣಿಸಬೇಕು. ಬಾಣಂತನಕ್ಕಿಂತ ಕಡಿಮೆ ಆರೈಕೆಯೇನಲ್ಲ. ನಾನು ಮಾಡಿದ ಜೋಡಿಯಲ್ಲಿ ಒಂದು 4.7 ಕಿಲೋ, ಇನ್ನೊಂದು 5.4. ಅವಳಿ ಮಕ್ಕಳೂ ಒಂದೇ ತೂಕ ಇರುವುದಿಲ್ಲವಲ್ಲ. ದಿನ ಬಿಟ್ಟು ದಿನ ಕೈ ಬದಲಿಸುತ್ತೇನೆ. ಒಂದು ಸಲ ಕೈಜಾರಿ ಬಿದ್ದು ಶಹಾಬಾದಿ ಫರಸಿ ಸೀಳಿತು. ನಮ್ಮವರು ಆ ಬಿರುಕನ್ನು ಮನೆಗೆ ಬಂದವರಿಗೆಲ್ಲ ತೋರಿಸಿದರು. ಈಗ ಕೆಳಗೆ ಹಳೆಯ ಗಾದಿ ಹಾಸಿರುತ್ತೇನೆ. ಅಂದಹಾಗೆ, ಮಗ ಅವರಿಗೆಂದು 32,000 ರೂಪಾಯಿ ಕೊಟ್ಟು ಕಳಿಸಿದ ಟ್ರೆಡ್‌ಮಿಲ್ ನಡುಮನೆಯಲ್ಲಿದೆ. ಮಳೆಗಾಲದಲ್ಲಿ ಟವೆಲು ಒಣಹಾಕಲು ಬಹಳ ಅನುಕೂಲ.

ಬೆನ್ನಿಗೆ ಸೈಕಲ್ಲಿನ ಟ್ಯೂಬು. ಪಂಕ್ಚರ್ ಅಂಗಡಿಯವನು ಹಳೆಯದನ್ನು ಪುಕ್ಕಟೆ ಕೊಟ್ಟ. ವಾಲ್ವಿನ ಎರಡೂ ಬದಿಗೆ ಕತ್ತರಿಸಿ, ಸೋಪು ಹಾಕಿ ತೊಳೆದು, ಕಿಟಕಿಯ ಗಟ್ಟಿ ಸರಳಿಗೆ ಸುತ್ತಿ, ಎರಡು ತುದಿ ಹಿಡಿದು ಎದೆಯ ಕಡೆಗೆ ಎಳೆಯುವುದು. ಎಳೆಯುವ ಮೊದಲು ಬಿರುಕು ಇದೆಯೇ ನೋಡಿಕೊಳ್ಳಿ. ನಾನು ನೋಡದೆ ಎಳೆದು, ಅದು ಕಿತ್ತು ಬಂದು, ಮುಂಗೈಮೇಲೆ ವಾರದತನಕ ಬಾಸುಂಡೆ ಇತ್ತು. ಯಾರು ಹೊಡೆದರು ಎಂದು ಕೇಳಲು ಒಬ್ಬಿಬ್ಬರು ಹೆಂಗಸರು ನನ್ನನ್ನು ಬದಿಗೆ ಕರೆದದ್ದೂ ಉಂಟು.

ಎಲ್ಲಕ್ಕಿಂತ ದೊಡ್ಡದು ಏನೂ ಖರ್ಚಿಲ್ಲದ ಬಸ್ಕಿ. ನಮಗೆ ಬಸ್ಕಿ ಗೊತ್ತಿರುವುದು ಶಾಲೆಯ ಶಿಕ್ಷೆಯಾಗಿ ಇಲ್ಲವೇ ಗಣಪತಿಯ ಮುಂದೆ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಆನಿಸಿ, ಕೈ ಊರದೆ ಕುಳಿತು ಏಳುವುದನ್ನು ಮಾಡಿ ನೋಡಿ. ನಾನು ಮೊದಲ ದಿನ ಐದಕ್ಕೆ ಸುಸ್ತಾದೆ. ಅವ್ವ ಕಳೆದುಕೊಂಡದ್ದು ಇದೊಂದನ್ನೇ. ಕುಳಿತವಳು ಏಳುವುದನ್ನು.

ಆಕ್ಷೇಪಣೆಗಳು ಬಂದವು. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ, "ಇದೆಂಥಾ ಹುಚ್ಚವಾ ನಿಂದು? ಈ ವಯಸ್ಸಿನ್ಯಾಗ ಕುಸ್ತಿಗೆ ಹೋಗಾಕಿ ಏನು?" ಎಂದರು. ಅದಕ್ಕೆ ನಗಬಹುದು. ಇನ್ನೊಂದು ಮಾತಿಗೆ ನಗಲಾಗದು. ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆ ಎಂಬ ಹೆದರಿಕೆ. ಈಗಾಗಲೇ ಆ ತೊಂದರೆ ಇದ್ದವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ಕಾಯಿಲೆಯವರು, ಎಲುಬು ಬಹಳ ಸವೆದಿದೆ ಎಂದು ಹೇಳಿಸಿಕೊಂಡವರು ಡಾಕ್ಟರನ್ನು ಕೇಳದೆ ಚೀಲ ಮುಟ್ಟಬಾರದು. ಉಳಿದವರಿಗೂ ಉಸಿರು ಕಟ್ಟಿ ಮುಕ್ಕಿರಿದು ಎತ್ತುವುದು ಕೆಟ್ಟದ್ದೇ. ಎತ್ತುವಾಗ ಉಸಿರು ಹೊರಗೆ ಬಿಡಬೇಕು, ಬೆನ್ನು ಬಾಗಿಸದೆ ಸೊಂಟ ಮೊಣಕಾಲು ಮಡಚಬೇಕು, ಭಾರ ಮೈಗೆ ಹತ್ತಿರ ಇರಬೇಕು. ಆದರೆ ಒಂದು ಪ್ರಶ್ನೆ ನನ್ನದೂ ಇದೆ. ಹೆರಿಗೆಯಾಗಿ ತಿಂಗಳು ತುಂಬುವ ಮೊದಲೇ ಬಸಿರಿಳಿದ ಹೊಟ್ಟೆಯ ಮೇಲೆ ಬಿಂದಿಗೆ ಹೊರಿಸಿದಾಗ ಯಾರಿಗೂ ಬಾರದ ಈ ಹೆದರಿಕೆ, ನಾವು ನಮಗಾಗಿ ಭಾರ ಎತ್ತಿದಾಗ ಮಾತ್ರ ಯಾಕೆ ಬರುತ್ತದೆ?

ಇದು ಬರಿಯ ನಮ್ಮ ಓಣಿಯ ಬುದ್ಧಿಯಲ್ಲ ಎಂಬುದೂ ನಿಜ. ಗಂಡಸರು ಭಾರ ಎತ್ತುವ ಸ್ಪರ್ಧೆ 1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲೇ ಇತ್ತು. ಹೆಂಗಸರಿಗೆ ಆ ಬಾಗಿಲು ತೆರೆದದ್ದು 2000ದಲ್ಲಿ, ಸಿಡ್ನಿಯಲ್ಲಿ. ನೂರಾ ನಾಲ್ಕು ವರ್ಷ! ತೆರೆದ ಅದೇ ವರ್ಷ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿ 110 ಮತ್ತು 130, ಒಟ್ಟು 240 ಕಿಲೋ ಎತ್ತಿ ಕಂಚಿನ ಪದಕ ತಂದಳು. ಒಲಿಂಪಿಕ್ಸಿನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಹೆಣ್ಣು ಅವಳು. ಆ ಸುದ್ದಿ ಬಂದ ದಿನ ನಾನು ಪತ್ರಿಕೆ ಓದಿ, ಮಡಚಿ, ಅದರ ಮೇಲೆ ಮೆಣಸಿನಕಾಯಿ ಒಣಹಾಕಿದ್ದೆ. ಆಗ ನನಗೆ ಮೂವತ್ತೊಂದು. ಅವತ್ತೇ ಒಂದು ಚೀಲ ಹೊಲಿದಿದ್ದರೆ 2016ರಲ್ಲಿ ಅವ್ವನನ್ನು ನಾನೇ ಎತ್ತುತ್ತಿದ್ದೆನೋ ಏನೋ.

ಈಗ ನೆಲದಿಂದ 15 ಕಿಲೋದ ಚೀಲ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತೇನೆ. ವಾರಕ್ಕೆ ಮೂರು ದಿನ, ಮಧ್ಯಾಹ್ನ ಅರ್ಧ ತಾಸು. ಮೊದಲು ಒಂದು ಬಟ್ಟಲು ಹೆಸರುಕಾಳು ನಾನೇ ಬಡಿಸಿಕೊಂಡು ಉಂಡಿರುತ್ತೇನೆ. ಖಾಲಿ ಸಿಲಿಂಡರು ಒಬ್ಬಳೇ ಹೊರಗೆ ಇಡುತ್ತೇನೆ. ತುಂಬಿದ್ದು ಇನ್ನೂ ಒಂದೇ ಪಾವಟಿಗೆ ಏರುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ. ಹುಸಿ ಹೇಳಿ ಏನು ಫಲ?

ಗೋಡೆಯ ಮೇಲಿಂದ ಇಣುಕುತ್ತಿದ್ದ ಅಜ್ಜಿಯ ಸೊಸೆ ಮೊನ್ನೆ ಖಾಲಿ ಎಣ್ಣೆ ಕ್ಯಾನು ಹಿಡಿದು ಹಿತ್ತಲ ಬಾಗಿಲಿಗೆ ಬಂದಿದ್ದಳು. "ಕಾಕೂ, ಅತ್ತಿಯವರು ಕಳಿಸ್ಯಾರ. ಅರ್ಧಕ್ಕಿಂತ ಹೆಚ್ಚು ತುಂಬಬ್ಯಾಡ ಅಂತ ಹೇಳ್ಯಾರ" ಎಂದಳು. ಒಣಗಿದ ಉಸುಕು ಇನ್ನೂ ಎರಡು ಬುಟ್ಟಿ ಇದೆ. ಬೇಕಾದವರು ಸಾಣಿಗೆ ನೀವೇ ತನ್ನಿ, ನಮ್ಮದರ ತಂತಿ ಹರಿದಿದೆ.